ಶ್ರವಣಸಾಧನಗಳೂ ಶ್ರಾವಕನ ಪರಿಮಾಣವ್ರತವೂ

ಶ್ರಾವಕನೆಂದರೆ ಕೇಳುವವನು. ಗುರುಮುಖದಿಂದ ಧರ್ಮವನ್ನು ಕೇಳುವ ಗೃಹಸ್ಥನಿಗೆ ಪೂರ್ವಾಚಾರ್ಯರು ಈ ಹೆಸರನ್ನಿತ್ತರು. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ಶ್ರಾವಕನ ಕಿವಿಗೆ ಗುರುಮುಖದಿಂದ ಬಂದುದೆಷ್ಟು, ಮರದ ಪೆಟ್ಟಿಗೆಯ ಮುಖದಿಂದ ಬಂದುದೆಷ್ಟು ಎಂದು ಲೆಕ್ಕ ಹಾಕಿದರೆ ಎರಡನೆಯದೇ ಬಹುಪಾಲು ಹೆಚ್ಚಾದೀತು. ಮನೆಯ ರೇಡಿಯೋ, ಗ್ರಾಮಫೋನು, ಟೇಪ್‌ರೆಕಾರ್ಡರುಗಳನ್ನು ಕುರಿತು ವಯಸ್ಸಾದವರು ಆಡುವ ಮಾತಿನಲ್ಲಿ ಒಂದು ವಿಶೇಷ ಪ್ರೀತಿ ಕಾಣುತ್ತದೆ. ತಮ್ಮ ಮೊದಲ ಅಂಗಡಿ, ಮೊದಲ ವಾಹನಗಳನ್ನು ಕುರಿತೂ ಅವರು ಅಷ್ಟು ಅಕ್ಕರೆಯಿಂದ ಮಾತನಾಡುವುದಿಲ್ಲ. ಈ ಅಕ್ಕರೆ ನಿರ್ದೋಷವೇ, ಅಥವಾ ವ್ರತಕ್ಕೆ ತಗಲುವ ಅತಿಚಾರವೇ ಎಂಬುದು ವಿಚಾರಣೀಯ.

ಪ್ರಶ್ನೆಯನ್ನು ಒಂದು ಪ್ರದೇಶಕ್ಕೆ ಸೀಮಿತಗೊಳಿಸಿ ನೋಡುವುದು ಲೇಸು. ಶಂಕರಘಟ್ಟವೆಂದರೆ ಇಂದಿನ ತರುಣರಿಗೆ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯ, ಅದರ ಜ್ಞಾನಸಹ್ಯಾದ್ರಿ ಆವರಣ. ಅದಕ್ಕೂ ಹಿಂದೆ ಆ ಕಡೆಯ ಬದುಕು ಭದ್ರಾ ಅಣೆಕಟ್ಟೆಯ ಕೆಲಸಕ್ಕೂ ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಗೂ ಹೊಂದಿಕೊಂಡಿತ್ತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸುಮಾರು 444 ಮೀಟರಿನಲ್ಲಿ, ಅದರ ಧ್ವನಿ ಮಲೆನಾಡಿನ ಮನೆಗಳಿಗೆ ಮುಟ್ಟಿತು. ದೂರದ ನಿಲಯಗಳನ್ನು ಗೊರಗೊರ ಸದ್ದಿನ ನಡುವೆ ಹುಡುಕಬೇಕಾಗಿದ್ದವರಿಗೆ ತಮ್ಮದೇ ಜಿಲ್ಲೆಯ ಮಾತು ಸ್ಪಷ್ಟವಾಗಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. ರೇಡಿಯೋ ಆಗ ಶ್ರೀಮಂತರ ವಿನೋದವಾಗಿ ಉಳಿಯದೆ ಗೃಹಸ್ಥನ ಆವಶ್ಯಕ ವಸ್ತುಗಳ ಪಟ್ಟಿಗೆ ಸೇರಿತು.

‘ಆಕಾಶವಾಣಿ’ ಎಂಬ ಹೆಸರಿನ ಬಗೆಗೆ ಇಲ್ಲೊಂದು ಮಾತು ಹೇಳಬಹುದು. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಸಂದ ಈ ಸುಂದರವಾದ ಹೆಸರು ಆಮೇಲೆ ದೇಶಕ್ಕೆಲ್ಲ ಸಂದಿತು. ಶಬ್ದವು ಆಕಾಶದ ಗುಣವೆಂದು ನ್ಯಾಯ-ವೈಶೇಷಿಕರು ಹೇಳುತ್ತಾರೆ. ಜೈನಾಚಾರ್ಯರು ಅದನ್ನೊಪ್ಪದೆ ಶಬ್ದವನ್ನು ಪುದ್ಗಲದ ಪರ್ಯಾಯವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ತಟ್ಟೆಯ ಗೆರೆಗಳಲ್ಲಿ ಶಬ್ದವನ್ನು ಹಿಡಿದಿಟ್ಟದ್ದನ್ನು ಕಂಡು, ನಮ್ಮ ಸಿದ್ಧಾಂತವನ್ನು ವಿಜ್ಞಾನವೇ ಸಾಧಿಸಿಕೊಟ್ಟಿತೆಂದು ಹಿಗ್ಗುವವರುಂಟು. ಅದು ಆತುರದ ಹಿಗ್ಗು. ಗೆರೆಯಲ್ಲಿರುವುದು ಕಂಪನದ ಗುರುತೇ ಹೊರತು ಶಬ್ದವಲ್ಲ. ಆಗಮಕ್ಕೆ ಇಂಥ ಊರುಗೋಲು ಬೇಕಾಗಿಯೂ ಇಲ್ಲ.

ಈಗ ಈ ಭಾಗದ ಒಬ್ಬ ಗೃಹಸ್ಥನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ವರ್ತಕ, ಅಣುವ್ರತಗಳನ್ನು ಯಥಾಶಕ್ತಿ ಪಾಲಿಸುವವನು. ಮೊದಲು ಅವನ ತಂದೆ ಕೊಂಡದ್ದು ಮರ್ಫಿ ಕಂಪನಿಯ ವಾಲ್ವ್ ರೇಡಿಯೋ. ಗುಂಡಿ ತಿರುವಿದ ಮೇಲೆ ವಾಲ್ವುಗಳು ಕಾದು ಸ್ವರ ಹೊರಡಲು ಕೆಲವು ಕ್ಷಣ ಕಾಯಬೇಕು. ಮಾಡಿನ ಮೇಲೆ ಏರಿಯಲ್ ತಂತಿ ಎಳೆದಿರಬೇಕು. ಬಳಿಕ ಟ್ರಾನ್ಸಿಸ್ಟರ್ ಬಂದಿತು. ಅದರ ಚರ್ಮದ ಕವಚವನ್ನು ಕಂಡು ಮನೆಯ ಹಿರಿಯರು ಒಳಗೆ ತರಗೊಡಲಿಲ್ಲ. ಅಮ್ಮ ಬಟ್ಟೆಯ ಚೀಲ ಹೊಲಿದುಕೊಟ್ಟ ಮೇಲೆಯೇ ಅದಕ್ಕೆ ಗೃಹಪ್ರವೇಶ. ಮುಂದೆ ಎಚ್.ಎಂ.ವಿ. ಫಿಯೆಸ್ಟಾ ರೆಕಾರ್ಡ್ ಪ್ಲೇಯರ್, ಆಮೇಲೆ ಟೂ-ಇನ್-ಒನ್, ಸಿ.ಡಿ. ಪ್ಲೇಯರ್, ಕೊನೆಗೆ ಅಂಗೈಯಲ್ಲಿ ಹಿಡಿಯುವ ಫೋನು. ಒಂದು ಬಂದಾಗ ಇನ್ನೊಂದನ್ನು ಮೂಲೆಗಿಟ್ಟನಾದ್ದರಿಂದ ಸಂಖ್ಯೆಯ ದೃಷ್ಟಿಯಿಂದ ಅವನ ಪರಿಮಾಣಕ್ಕೆ ಭಂಗವಿಲ್ಲ. ಆದರೂ ಅವನ ಮನಸ್ಸಿನಲ್ಲಿ ಈ ಆರೂ ಸಾಲಾಗಿ ನಿಂತಿವೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ಪ್ರಸಂಗಕ್ಕೆ ಆಶ್ಚರ್ಯಪಡುವಷ್ಟು ಹತ್ತಿರವಾಗಿ ಮಾತನಾಡುತ್ತದೆ. ಒಮ್ಮೆ ಅನುಭವಿಸಿ ಬಿಡಬೇಕಾದುದು ಭೋಗ, ಅನ್ನದಂತೆ. ಅನುಭವಿಸಿದ ಮೇಲೂ ಮತ್ತೆ ಅನುಭವಿಸಲು ಬರುವುದು ಉಪಭೋಗ, ವಸ್ತ್ರದಂತೆ. ಈ ಎರಡಕ್ಕೂ ಮಿತಿ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ. ಮಿತಿಗೊಳಪಡಿಸಬೇಕಾದವುಗಳನ್ನು ಹೇಳುವಾಗ ಆಚಾರ್ಯರು ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಆಭರಣಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಎಣಿಸಿದ್ದಾರೆ. ರೇಡಿಯೋ ಬರುವುದಕ್ಕೆ ಸಾವಿರಕ್ಕೂ ಮಿಕ್ಕ ವರ್ಷಗಳ ಹಿಂದೆಯೇ ಕಿವಿಯ ಸುಖಕ್ಕೆ ಅಳತೆ ಬೇಕೆಂದು ಅವರು ಕಂಡುಕೊಂಡಿದ್ದರು.

ಭೋಗ-ಉಪಭೋಗಗಳ ಈ ವಿಭಾಗವನ್ನು ಶ್ರವಣಸಾಧನಗಳಿಗೆ ಅನ್ವಯಿಸಿದಾಗ ಒಂದು ಸೂಕ್ಷ್ಮ ಹೊಳೆಯುತ್ತದೆ. ರೇಡಿಯೋದಲ್ಲಿ ಬಂದ ಹಾಡು ಭೋಗ. ಮಂಗಳವಾರ ರಾತ್ರಿ ಎಂಟಕ್ಕೆ ಕೇಳಿದ್ದು ಎಂಟೂ ಐದಕ್ಕೆ ಇಲ್ಲ. ಮತ್ತೆ ಯಾವಾಗ ಬರುವುದೋ ನಿಲಯದವರ ಚಿತ್ತ. ಕೇಳುವವನ ಕೈಯಲ್ಲಿ ಏನೂ ಇರಲಿಲ್ಲ. ತಟ್ಟೆ ಮತ್ತು ಧ್ವನಿಸುರುಳಿ ಬಂದೊಡನೆ ಅದೇ ಹಾಡು ಉಪಭೋಗವಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಮಾಡಿದ್ದೇನೆಂದರೆ, ಹರಿದುಹೋಗಬೇಕಾದ ನೀರನ್ನು ಪ್ರತಿ ಮನೆಯ ಹಂಡೆಗೂ ತುಂಬಿಸಿದ್ದು. ಶಬ್ದವೂ ಒಡವೆಯಂತೆ ಒಡೆತನಕ್ಕೆ ಬಂದಿತು. ಗೃಹಸ್ಥನ ಪರಿಗ್ರಹದ ಪಟ್ಟಿಗೆ ಹೊಲ-ಮನೆ, ಹೊನ್ನು, ಧನ-ಧಾನ್ಯ, ಪಾತ್ರೆ-ಪರಡಿಗಳ ಬಳಿಕ ಹೊಸತೊಂದು ಬಾಬು ಸೇರಿತು.

ಹಿಂಸೆಯ ಲೆಕ್ಕವನ್ನೂ ಮರೆಯುವಂತಿಲ್ಲ. 78 ಸುತ್ತಿನ ಹಳೆಯ ತಟ್ಟೆಗಳಿಗೆ ಮುಖ್ಯ ಬಂಧಕದ್ರವ್ಯ ಅರಗು; ಅರಗಿನ ಹುಳುಗಳು ರೆಂಬೆಗಳ ಮೇಲೆ ಸುರಿಸಿ ಕಟ್ಟಿದ ಗೂಡನ್ನು ಕೆರೆದು ತೆಗೆಯುವಾಗ ಅಸಂಖ್ಯ ಜೀವಗಳು ನಾಶವಾಗುತ್ತವೆ. ಈ ಕಾರಣದಿಂದಲೇ ಲಾಕ್ಷಾವಾಣಿಜ್ಯವನ್ನು ಶ್ರಾವಕನು ಮಾಡಬಾರದ ಹದಿನೈದು ಕಸುಬುಗಳಲ್ಲಿ ಸೇರಿಸಲಾಗಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ದಿಗಂಬರರಲ್ಲಿ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಅದರ ಪ್ರಸ್ತಾಪವಿದೆ. ಅರಗಿನ ವ್ಯಾಪಾರ ಮಾಡದ ಮನೆಗಳಲ್ಲಿ ಅರಗಿನ ತಟ್ಟೆಯ ಮೇಲೆ ಸ್ತುತಿಪದಗಳು ತಿರುಗಿದವು. ಯಾರೂ ಕೇಳಲಿಲ್ಲ, ಯಾರಿಗೂ ತಿಳಿಯಲೂ ಇಲ್ಲ. 1948ರಲ್ಲಿ ವಿನೈಲ್ ಲಾಂಗ್‌ಪ್ಲೇ ತಟ್ಟೆ ಅಮೆರಿಕೆಯಲ್ಲಿ ಬಂದಿದ್ದರೂ ಭಾರತದಲ್ಲಿ 1960ರ ದಶಕದಲ್ಲಿಯೂ ಅರಗಿನ ತಟ್ಟೆಗಳು ತಯಾರಾಗುತ್ತಿದ್ದವು. ಅಜ್ಞಾನದಿಂದ ಕೊಂಡವನ ದೋಷ ಅಲ್ಪವೆನ್ನಬಹುದು. ಆದರೆ ಕವಚದ ಚರ್ಮವನ್ನು ಗುರುತಿಸಿದ ಹಿರಿಯರ ಕಣ್ಣು ತಟ್ಟೆಯ ಅರಗನ್ನು ಗುರುತಿಸಲಿಲ್ಲವೆಂಬುದು, ಕಾಣುವ ಹಿಂಸೆಗಷ್ಟೇ ನಮ್ಮ ಎಚ್ಚರ ಮೀಸಲೆಂಬುದಕ್ಕೆ ಸಾಕ್ಷಿ. ವಿದ್ಯುತ್ತು ಸಚಿತ್ತ ತೇಜಸ್ಕಾಯವೇ ಅಲ್ಲವೇ ಎಂಬ ಚರ್ಚೆ, ಮುನಿಗಳು ಧ್ವನಿವರ್ಧಕ ಬಳಸಬಹುದೇ ಎಂಬ ರೂಪದಲ್ಲಿ ಸ್ಥಾನಕವಾಸಿ ಸಮಾಜದಲ್ಲಿ ಬಹುಕಾಲ ನಡೆಯಿತು. ಅದು ಸಾಧುಗಳ ಕ್ಷೇತ್ರವಾದ್ದರಿಂದ ಇಲ್ಲಿ ಬಿಡುವುದು ಯುಕ್ತ.

ಅಚೌರ್ಯದ ಬಾಬಿನಲ್ಲಿ ಮಾತ್ರ ಅಜ್ಞಾನದ ನೆಪಕ್ಕೆ ಎಡೆಯಿಲ್ಲ. 1980ರ ದಶಕದ ಮಧ್ಯದವರೆಗೆ ರೇಡಿಯೋ ಇಟ್ಟುಕೊಳ್ಳುವವನು ಅಂಚೆ ಕಛೇರಿಯಲ್ಲಿ ವರ್ಷ ವರ್ಷವೂ ಶುಲ್ಕ ತೆತ್ತು ಲೈಸೆನ್ಸ್ ಪುಸ್ತಕವನ್ನು ನವೀಕರಿಸಬೇಕಾಗಿತ್ತು. ಪರವಾನಗಿಯಿಲ್ಲದೆ ಕೇಳುವುದು ರಾಜ್ಯದ ಕಟ್ಟಳೆಯನ್ನು ಮೀರುವ ಅತಿಚಾರ. ತತ್ತ್ವಾರ್ಥಸೂತ್ರವು ಅದನ್ನು ಅಚೌರ್ಯದ ದೋಷಗಳಲ್ಲಿ ಸ್ಪಷ್ಟವಾಗಿ ಎಣಿಸಿದೆ. ಅದೇ ಪಟ್ಟಿಯಲ್ಲಿ ಕದ್ದ ಮಾಲನ್ನು ಕೊಳ್ಳುವುದೂ ನಕಲಿ ವಸ್ತುವಿನ ವ್ಯವಹಾರವೂ ಇವೆ. ಬೇಕಾದ ಹಾಡುಗಳ ಚೀಟಿ ಕೊಟ್ಟರೆ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ ಅಂಗಡಿಗಳು ಪೇಟೆಪೇಟೆಯಲ್ಲಿದ್ದವು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಇಂಥ ನಕಲಿಗೆ ಶಿಕ್ಷೆಯನ್ನು ಹೆಚ್ಚಿಸಲಾಯಿತು. ಜಿನಸ್ತುತಿಯ ಕ್ಯಾಸೆಟ್ಟನ್ನೇ ಹೀಗೆ ನಕಲಿಸಿ ಪ್ರಭಾವನೆಯಾಗಿ ಹಂಚುವುದರಲ್ಲಿ ತಪ್ಪೇನು ಎಂದು ವಾದಿಸುವವರಿದ್ದಾರೆ. ಹಾಡಿದವನ ಪಾಲನ್ನು ಕೊಡದೆ ಹಂಚಿದ್ದು ದಾನವಾಗದು. ಕೊಟ್ಟವನ ಪುಣ್ಯ ಜಮೆಯ ಬದಿಗೆ ಬರಬೇಕಾದರೆ ಮಾಲು ತನ್ನದಾಗಿರಬೇಕು.

ಲೈಸೆನ್ಸ್ ಪುಸ್ತಕದಿಂದ ಒಂದು ಉಪಕಾರವೂ ಆಗಿತ್ತು. ಮನೆಯಲ್ಲಿ ಎಷ್ಟು ಪೆಟ್ಟಿಗೆಗಳಿವೆಯೆಂದು ಸರ್ಕಾರವೇ ಎಣಿಸುತ್ತಿತ್ತು. ಅದು ಹೋದ ಮೇಲೆ ಎಣಿಸುವ ಹೊಣೆ ಗೃಹಸ್ಥನ ಮೇಲೆಯೇ ಬಿತ್ತು. ಈಗಂತೂ ರೇಡಿಯೋ, ತಟ್ಟೆ, ಸುರುಳಿ ಎಲ್ಲವೂ ಒಂದೇ ಫೋನಿನೊಳಗಿವೆ. ಒಂದು ವಸ್ತುವೆಂದು ಬರೆದುಕೊಂಡು ಲಕ್ಷ ಹಾಡುಗಳ ಉಪಭೋಗ ಮಾಡಬಹುದು. ಸಂಖ್ಯೆಯ ಪರಿಮಾಣ ಇಲ್ಲಿ ಸೋಲುತ್ತದೆ. ಸಮಂತಭದ್ರರು ಇದಕ್ಕೂ ಮಾರ್ಗ ತೋರಿಸಿದ್ದಾರೆ: ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಅಳತೆಯಿಂದ ನಿಯಮ ಹಿಡಿಯಬಹುದೆಂದು ಹೇಳಿದ್ದಾರೆ. ಪೆಟ್ಟಿಗೆಗಳನ್ನು ಎಣಿಸುತ್ತಿದ್ದವರು ಇನ್ನು ಗಂಟೆಗಳನ್ನು ಎಣಿಸಬೇಕು. ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಡುವ ಮನೆಗಳು ಕಿವಿಯ ಸೊಪ್ಪುಸದೆಗಳನ್ನೂ ಅಷ್ಟು ಕಾಲ ಬಿಟ್ಟರೆ ಮನೆ ಮುಳುಗುವುದಿಲ್ಲ. ದುಃಶ್ರುತಿ, ಅಂದರೆ ಕೆಟ್ಟದ್ದನ್ನು ಕೇಳುವುದು, ಅನರ್ಥದಂಡದ ಐದು ಬಗೆಗಳಲ್ಲೊಂದೆಂಬುದು ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಇನ್ನು ಮೂಲಪ್ರಶ್ನೆ. ವಸ್ತು ಹೋದ ಮೇಲೂ ಉಳಿದ ಪ್ರೀತಿ ಏನು? ಭೋಗೋಪಭೋಗ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಸಮಂತಭದ್ರರು ಅತಿಲೌಲ್ಯ, ಅತಿತೃಷ್ಣೆಗಳ ಸಾಲಿನಲ್ಲಿಯೇ ಅನುಸ್ಮೃತಿಯನ್ನು ಇಟ್ಟಿದ್ದಾರೆ. ಅನುಭವಿಸಿದ ವಿಷಯಸುಖವನ್ನು ಮತ್ತೆ ಮತ್ತೆ ನೆನೆಯುವುದು ಅದರ ಅರ್ಥ. ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾತಿಗಳು ಹೇಳಿರುವಾಗ, ಕೈಬಿಟ್ಟ ವಸ್ತುವೂ ಮನಸ್ಸಿನಲ್ಲಿ ಪರಿಗ್ರಹವಾಗಿ ಉಳಿಯಬಹುದು. ವರ್ತಕನ ಖಾತೆಯಲ್ಲಿ ರೇಡಿಯೋ ವರ್ಷ ವರ್ಷವೂ ಸವಕಳಿಯಾಗಿ ಹತ್ತು ವರ್ಷಕ್ಕೆ ಬೆಲೆಯಿಲ್ಲದ್ದಾಗುತ್ತದೆ. ಮನಸ್ಸಿನ ಖಾತೆಯಲ್ಲಿ ಅದೇ ರೇಡಿಯೋ ವರ್ಷ ವರ್ಷವೂ ಬೆಲೆ ಏರಿಸಿಕೊಳ್ಳುತ್ತದೆ. ಈ ಎರಡನೆಯ ಏರಿಕೆಯನ್ನು ಕಂಡೇ ಹಳೆಯ ವಾಲ್ವ್ ರೇಡಿಯೋಗಳನ್ನು ಹುಡುಕಿ ಕೊಂಡು ಹಜಾರದಲ್ಲಿ ಸಾಲಾಗಿ ಇಡುವ ಹವ್ಯಾಸ ನಗರಗಳಲ್ಲಿ ಬೆಳೆದಿದೆ. ಅದು ಅತಿಸಂಗ್ರಹವೆನ್ನಲು ಹಿಂಜರಿಯಬೇಕಾಗಿಲ್ಲ. ಕೇಳದ ರೇಡಿಯೋ ಭೋಗವೂ ಅಲ್ಲ, ಉಪಭೋಗವೂ ಅಲ್ಲ.

ಆದರೆ ಎಲ್ಲ ನೆನಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮೇಲೆ ಕಲ್ಪಿಸಿದ ಗೃಹಸ್ಥನ ಅಟ್ಟದಲ್ಲಿ ಕೆಟ್ಟ ಟೂ-ಇನ್-ಒನ್ ಒಂದಿದೆಯೆಂದೂ, ಅದರ ಪಕ್ಕದ ಕ್ಯಾಸೆಟ್ಟಿನಲ್ಲಿ ಅವನ ತಾಯಿ ಭಕ್ತಾಮರ ಸ್ತೋತ್ರದ 48 ಶ್ಲೋಕಗಳನ್ನು ಹೇಳಿದ್ದು ದಾಖಲಾಗಿದೆಯೆಂದೂ ಇಟ್ಟುಕೊಳ್ಳಬಹುದು. ತಾಯಿ ಈಗಿಲ್ಲ. ಆಕೆಯ ಧ್ವನಿ ಪ್ರಪಂಚದಲ್ಲಿ ಉಳಿದಿರುವುದು ಅಲ್ಲೊಂದೇ. ಆ ಸುರುಳಿಯ ಕಾಂತೀಯ ಲೇಪ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಆಡಿಸುವ ಯಂತ್ರಕ್ಕೆ ಬಿಡಿಭಾಗ ಸಿಕ್ಕುವುದು ಕಷ್ಟ. ಅವನು ಯಂತ್ರವನ್ನು ರಿಪೇರಿ ಮಾಡಿಸಲು ಊರೂರು ಅಲೆದರೆ ಅದನ್ನು ಮೂರ್ಛೆಯೆನ್ನಬೇಕೆ?

ಹಾಗೆನ್ನಲು ಮನಸ್ಸಾಗುವುದಿಲ್ಲ. ಅವನು ಅರಸುತ್ತಿರುವುದು ಯಂತ್ರದ ಸುಖವನ್ನಲ್ಲ, ತನಗೆ ಮೊದಲು ಧರ್ಮವನ್ನು ಕೇಳಿಸಿದ ಬಾಯಿಯನ್ನು. ಶ್ರಾವಕನೆಂಬ ಹೆಸರಿನ ಅರ್ಥಕ್ಕೆ ಅದು ಸಮೀಪವೇ ಇದೆ. ಅಷ್ಟಾದರೂ ಅಪಾಯ ಒಂದುಂಟು. ಯಂತ್ರ ಸರಿಯಾದ ಬಳಿಕ ದಿನವೂ ಬೆಳಿಗ್ಗೆ ಕ್ಯಾಸೆಟ್ಟು ಹಾಕಿ ತಾನು ಪತ್ರಿಕೆ ಓದುತ್ತ ಕುಳಿತರೆ, ತಾಯಿ ಹೇಳುತ್ತಿದ್ದ ಸ್ತೋತ್ರವನ್ನು ತಾನು ಹೇಳುವುದನ್ನು ಯಂತ್ರ ಅವನಿಂದ ಕಸಿದುಕೊಂಡಂತಾಯಿತು. ಆಕೆ ಹೇಳಿಕೊಟ್ಟದ್ದು ಮಗ ಹೇಳಲೆಂದು. ತನ್ನ ಧ್ವನಿಯನ್ನು ಕಾಪಿಟ್ಟುಕೊಳ್ಳಲೆಂದಲ್ಲ. ಮನೋಜ್ಞವಾದ ವಿಷಯದಲ್ಲಿ ರಾಗ, ಅಮನೋಜ್ಞವಾದುದರಲ್ಲಿ ದ್ವೇಷ ಎರಡನ್ನೂ ಬಿಡುವುದು ಅಪರಿಗ್ರಹದ ಭಾವನೆಗಳೆಂದು ಸೂತ್ರಕಾರರು ಹೇಳುವಾಗ ತಾಯಿಯ ಧ್ವನಿಗೆ ವಿನಾಯಿತಿ ಕೊಟ್ಟಿಲ್ಲ. ಮುನಿಗೆ ಆ ಮಾತು ಪೂರ್ಣವಾಗಿ ಸಲ್ಲುತ್ತದೆ, ಗೃಹಸ್ಥನಿಗೆ ಅಂಶತಃ. ಆ ಅಂಶ ಎಷ್ಟೆಂಬುದನ್ನು ಅವನಿಗಾಗಿ ಬೇರೆಯವರು ನಿರ್ಣಯಿಸಲಾರರು.

ಉಳಿದ ಐದು ಪೆಟ್ಟಿಗೆಗಳನ್ನು ಏನು ಮಾಡಬೇಕು? ಬಹುಮಂದಿ ಇಂಥವನ್ನು ಬಸದಿಗೆ ಒಪ್ಪಿಸಿ ಹಗುರಾಗುತ್ತಾರೆ. ಟ್ರಸ್ಟಿನವರು ಸಂಕೋಚದಿಂದ ಬೇಡವೆನ್ನಲಾರರು. ಉಗ್ರಾಣದಲ್ಲಿ ಕೆಟ್ಟ ಆಂಪ್ಲಿಫಯರು, ಒಡೆದ ಸ್ಪೀಕರು, ಯಾರದೋ ತಂದೆಯ ರೇಡಿಯೋಗಳು ಪೇರಿಸಿಕೊಳ್ಳುತ್ತವೆ. ಒಮ್ಮೆ ದೇವದ್ರವ್ಯವೆಂದು ದಾಖಲಾದ ಮೇಲೆ ಅದನ್ನು ಮಾರುವುದಕ್ಕೂ ಎಸೆಯುವುದಕ್ಕೂ ಸಮಿತಿ ಕೂಡಬೇಕು. ತನ್ನ ಮೂರ್ಛೆಯ ಭಾರವನ್ನು ದೇವರ ಉಗ್ರಾಣಕ್ಕೆ ವರ್ಗಾಯಿಸುವುದು ದಾನವೆನಿಸದು. ಟ್ರಸ್ಟುಗಳು ನಡೆಯುವ ಸ್ಥಿತಿಯಲ್ಲಿರುವ ಸಾಧನವನ್ನಷ್ಟೇ, ಅದೂ ಅಗತ್ಯವಿದ್ದರೆ ಮಾತ್ರ, ಸ್ವೀಕರಿಸುವುದೆಂದು ಠರಾವು ಮಾಡಿಕೊಳ್ಳಬಹುದು. ಹಾಗೆ ಸ್ವೀಕರಿಸಿದ ಧ್ವನಿವರ್ಧಕಕ್ಕೂ ಮಿತಿಯಿದೆ: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಯಲಿನಲ್ಲಿ ಬಳಸುವಂತಿಲ್ಲ, ವಸತಿಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಇನ್ನುಳಿದ ಕೆಟ್ಟ ಯಂತ್ರಗಳಲ್ಲಿ ಸೀಸದ ಬೆಸುಗೆಯಿರುವುದರಿಂದ ಅವನ್ನು ತಿಪ್ಪೆಗೆ ಎಸೆಯದೆ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಕಾರರಿಗೆ ಕೊಟ್ಟು, ರಸೀದಿ ಪಡೆದು, ಮನೆಯ ಪರಿಮಾಣದ ಪುಸ್ತಕದಲ್ಲಿ ಆ ದಿನದ ತಾರೀಖಿನೊಡನೆ ಅವುಗಳ ಹೆಸರನ್ನು ಹೊಡೆದುಹಾಕಬಹುದು.