ಕಿತ್ತ ಒರಳಿನ ಜಾಗ

ಅಜ್ಜಿ ಹೋದ ಮರುವರ್ಷ, ಅಡುಗೆಮನೆಯ ನೆಲದಲ್ಲಿ ಹುಗಿದಿದ್ದ ಒರಳುಕಲ್ಲನ್ನು ಕಿತ್ತು ಹಿತ್ತಿಲಿಗೆ ಉರುಳಿಸಿದೆವು. ಗುಂಡಿಗೆ ಸಿಮೆಂಟು ತುಂಬಿ ನೆಲ ಸಮ ಮಾಡಿದ್ದಾಯಿತು. ಆದರೂ ಅಲ್ಲೊಂದು ದುಂಡನೆಯ ಬಿಳಿಚು ಕಲೆ ಉಳಿದಿದೆ. ಅದನ್ನು ತುಳಿಯದೆ ಸುತ್ತಿ ಹೋಗುವ ಅಭ್ಯಾಸ ನಮ್ಮ ಕಾಲಿಗೂ ಉಳಿದಿದೆ. ಹಿತ್ತಿಲಲ್ಲಿ ಬಿದ್ದ ಒರಳಿನ ಕುಳಿಯೊಳಗೆ ಬೆರಳಾಡಿಸಿದರೆ ಜಾರುವಷ್ಟು ನುಣುಪು. ಎರಡು ತಲೆಮಾರಿನ ಹೆಂಗಸರು ಗುಂಡು ತಿರುವಿ ತಿರುವಿ ಸವೆಸಿದ ಕಲ್ಲು ಅದು. ಹೋಗುವವರು ನಾವು, ಉಳಿಯುವುದು ಕಲ್ಲು ಎಂದುಕೊಂಡೇ ಬಂದಿದ್ದೇವೆ. ಹೆಸರು ಬಾಳಲೆಂದು ಶಾಸನ ಕೆತ್ತಿಸಿದವರೂ ಸತ್ತವರಿಗೆಂದು ವೀರಗಲ್ಲು ನಿಲ್ಲಿಸಿದವರೂ ನಂಬಿದ್ದು ಇದನ್ನೇ.

ಕಲ್ಲಿನ ಗಟ್ಟಿತನ ನಮ್ಮ ಆಯುಸ್ಸಿನ ಅಳತೆಗೆ ಮಾತ್ರ ಸತ್ಯ. ಭೂಮಿಯ ತೊಗಟೆಯ ಕೆಳಗೆ, ಸುಮಾರು 2,900 ಕಿಲೋಮೀಟರ್ ಆಳದವರೆಗೆ ಹಬ್ಬಿದ ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆಯೇ. ದ್ರವದಲ್ಲಿ ಸಾಗಲಾರದ ಭೂಕಂಪದ ಅಡ್ಡ ಅಲೆಗಳು ಅದರೊಳಗೆ ಹಾದುಬರುತ್ತವೆ. ಅದೇ ಬಂಡೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ, ಉಗುರು ಬೆಳೆಯುವ ನಿಧಾನದಲ್ಲಿ, ಗಟ್ಟಿಯಾಗಿದ್ದುಕೊಂಡೇ ಹರಿಯುತ್ತದೆ. ಬಂಡೆಯ ಹರಳುಗಳೊಳಗೆ ಪರಮಾಣುಗಳು ಸಾಲುಗಟ್ಟಿ ಕೂತಿರುತ್ತವೆ. ಆ ಸಾಲಿನಲ್ಲಿ ಅಲ್ಲಲ್ಲಿ ಒಂದು ಸ್ಥಾನ ಖಾಲಿ. ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಪಕ್ಕದ ಪರಮಾಣು ಆ ಖಾಲಿಗೆ ಜರುಗುತ್ತದೆ, ಅದು ಬಿಟ್ಟ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಮತ್ತೊಂದು. ಹೀಗೆ ಒಂದು ಕೊರತೆ ಕೈಯಿಂದ ಕೈಗೆ ದಾಟುತ್ತಾ ಬೆಟ್ಟದಷ್ಟು ಬಂಡೆ ಜಾಗ ಬದಲಿಸುತ್ತದೆ. ಹರಿವಿಗೆ ಬೇರೆ ದಾರಿಗಳೂ ಇವೆ. ನನ್ನನ್ನು ತಡೆದು ನಿಲ್ಲಿಸಿದ್ದು ಖಾಲಿ ಜಾಗದ ಈ ದಾರಿ.

ಸ್ವೀಡನ್ನಿನ ಕರಾವಳಿಯಲ್ಲಿ ಈ ಹರಿವಿನ ಗುರುತು ಕಣ್ಣಿಗೇ ಕಾಣುತ್ತದೆ. ಹಿಮಯುಗದಲ್ಲಿ ಆ ನಾಡಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತಿತ್ತು. ಭಾರಕ್ಕೆ ನೆಲ ತಗ್ಗಿತ್ತು, ಅಡಿಯ ಬಂಡೆ ಪಕ್ಕಕ್ಕೆ ಸರಿದಿತ್ತು. ಹಿಮ ಕರಗಿ ಸುಮಾರು 10,000 ವರ್ಷವಾಯಿತು. ಬಂಡೆ ಇನ್ನೂ ಮರಳಿ ಬರುತ್ತಲೇ ಇದೆ, ನೆಲ ಇನ್ನೂ ಏಳುತ್ತಲೇ ಇದೆ. ಬೋತ್ನಿಯಾ ಕೊಲ್ಲಿಯ ಉತ್ತರದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 1 ಸೆಂಟಿಮೀಟರ್. ಲೂಲಿಯೊ ಊರಿನ ಬಂದರಿಗೆ ನೀರು ಸಾಲದಾಗಿ 1649ರಲ್ಲಿ ಊರನ್ನೇ ಕಡಲಿನ ಹತ್ತಿರಕ್ಕೆ ಒಯ್ದರು. ಕಲ್ಲಿನ ಚರ್ಚು ಹಳೆಯ ಜಾಗದಲ್ಲೇ ಉಳಿಯಿತು. 1731ರಲ್ಲಿ ಆಂಡರ್ಸ್ ಸೆಲ್ಸಿಯಸ್, ತಾಪಮಾನದ ಅಳತೆಗೆ ಯಾರ ಹೆಸರಿದೆಯೋ ಅದೇ ಸೆಲ್ಸಿಯಸ್, ಲೊವ್‌ಗ್ರುಂಡ್ ದ್ವೀಪದ ಬಂಡೆಯೊಂದಕ್ಕೆ ಅಂದಿನ ನೀರಿನ ಮಟ್ಟದಲ್ಲಿ ಗುರುತು ಕೊರೆಸಿದ. ಕಡಲಿನ ನೀರು ಇಳಿಯುತ್ತಿದೆ ಎಂದೇ ಅವನು ತಿಳಿದಿದ್ದ. ಆ ಗುರುತು ಈಗ ನೀರಿನಿಂದ ಬಹಳ ಮೇಲೆ ಒಣಗಿ ನಿಂತಿದೆ.

ಎಂದೋ ಇಳಿದುಹೋದ ಭಾರಕ್ಕೆ ಬಂಡೆ ಇಂದೂ ಓಗೊಡುತ್ತಿದೆ ಎಂದು ಓದಿದ ದಿನ ನನಗೆ ನಮ್ಮ ಅಡುಗೆಮನೆ ನೆನಪಾಯಿತು. ಒರಳನ್ನು ಕೀಳಲು ಅರ್ಧ ದಿನ ಸಾಕಾಗಿತ್ತು. ಅದಿಲ್ಲದ ನೆಲಕ್ಕೆ ಹೊಂದಿಕೊಳ್ಳಲು ಎಷ್ಟು ಕಾಲ ಬೇಕು? ಅಜ್ಜಿಯನ್ನು ಕಂಡೇ ಇರದ ನನ್ನ ಮಗಳೂ ಆ ದುಂಡು ಕಲೆಯನ್ನು ಸುತ್ತಿಯೇ ಹೋಗುತ್ತಾಳೆ. ಯಾಕೆಂದು ಅವಳಿನ್ನೂ ಕೇಳಿಲ್ಲ.