ಮುಂಗಡವೆಂಬ ನ್ಯಾಸ

ಬಾಡಿಗೆಗೆ ಮನೆ ಹುಡುಕುವವನು ಎರಡು ಅಂಜಿಕೆಗಳ ನಡುವೆ ನಿಂತಿರುತ್ತಾನೆ. ಮೋಸಹೋದೇನೆಂಬುದು ಒಂದು, ಹೆಚ್ಚು ಪ್ರಶ್ನೆ ಕೇಳಿದರೆ ಮನೆಯೇ ಕೈತಪ್ಪೀತೆಂಬುದು ಇನ್ನೊಂದು. ಬಹುಮಟ್ಟಿಗೆ ಎರಡನೆಯದೇ ಗೆಲ್ಲುತ್ತದೆ. ‘ಒಳ್ಳೆಯ ಜನ, ರಸೀದಿ ಏಕೆ?’ ಎಂದು ಸಮಾಧಾನ ಹೇಳಿಕೊಂಡು, ವರ್ಷಗಳ ಉಳಿತಾಯವನ್ನು ಎಣಿಸಿಕೊಟ್ಟು ಬರಿಗೈಯಲ್ಲಿ ಹಿಂದಿರುಗುವವರು ಅನೇಕರು. ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆಯೊಂದಿದೆ: ಸಜ್ಜನರೆಂದು ಕಂಡವರಿಂದ ಬರಹ ಕೇಳುವುದು ಅವರಿಗೆ ಮಾಡಿದ ಅವಮಾನವೇ?

ಈ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಬೆಳಕು ದೊರೆಯುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯೊಡನೆ ನ್ಯಾಸಾಪಹಾರವನ್ನೂ ಸೇರಿಸಿದ್ದಾರೆ. ನ್ಯಾಸವೆಂದರೆ ನಂಬಿ ಒಪ್ಪಿಸಿದ ದ್ರವ್ಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹು ಸೂಕ್ಷ್ಮವಾದುದು. ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿದರೆ ಅದೇ ಅಪಹಾರ. ಇಲ್ಲಿ ಬೀಗ ಮುರಿದಿಲ್ಲ, ಬಲಾತ್ಕಾರ ನಡೆದಿಲ್ಲ. ಒಬ್ಬನ ಮರೆವೇ ಇನ್ನೊಬ್ಬನ ದೋಷಕ್ಕೆ ಬಾಗಿಲಾಯಿತು.

ಜನರ ಮಾತಿನಲ್ಲಿ ‘ಅಡ್ವಾನ್ಸ್’ ಎನಿಸಿಕೊಂಡಿರುವ ಮುಂಗಡ ಹಣ ಇಂತಹ ನ್ಯಾಸವೇ ಸರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲದಿಂದ ಇದೆ. ತಿಂಗಳಿಗೆ 15,000 ರೂಪಾಯಿಯ ಮನೆಗೆ ಒಂದೂವರೆ ಲಕ್ಷವಾಯಿತು. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಆದರೆ ರಾಜ್ಯವು ತನ್ನ ಕಾನೂನಾಗಿ ಅಂಗೀಕರಿಸಿದ ಹೊರತು ಆ ಮಿತಿ ಯಾರನ್ನೂ ಕಟ್ಟಿಹಾಕದು. ಐದಾರು ವರ್ಷಗಳ ಮೇಲೆ ಮನೆ ಬಿಡುವಾಗ ಹಣ ಪಡೆದ ಯಜಮಾನರು ಬದುಕಿರಲಿಕ್ಕಿಲ್ಲ. ಮಕ್ಕಳಿಗೆ ಮೊತ್ತ ತಿಳಿದಿರಲಿಕ್ಕಿಲ್ಲ. ಆಗ ಪ್ರಾಮಾಣಿಕರಾದ ಮಕ್ಕಳಿಗೂ ದಾರಿ ತೋರಿಸುವುದು ಬರೆದಿಟ್ಟ ಕಾಗದವೊಂದೇ. ಆದ್ದರಿಂದ ಮುಂಗಡವನ್ನು ಬ್ಯಾಂಕಿನ ಮೂಲಕ ಕೊಟ್ಟು, ಅದರ ಮೊತ್ತ, ಹಿಂದಿರುಗಿಸುವ ಗಡುವು, ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳುವ ಹಣ ಇವೆಲ್ಲವನ್ನೂ ಕರಾರಿನಲ್ಲಿ ಕಾಣಿಸುವುದು ಎರಡು ಕುಟುಂಬಗಳಿಗೂ ಹಿತ.

ಕಾನೂನು ಹೇಗೂ ಕಾಯುತ್ತದೆ ಎಂದು ಸುಮ್ಮನಿರುವಂತಿಲ್ಲ. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಮಹಾನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂತಹ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಉಭಯರು ಬರೆದುಕೊಂಡ ಕರಾರೂ ಆಧಾರ. ಬೇರೆ ಒಪ್ಪಂದವಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು ಹದಿನೈದು ದಿನಗಳ ನೋಟೀಸು ಸಾಕು. ಮಕ್ಕಳು ಶಾಲೆಗೆ ಹೋಗುವ ಸಂಸಾರಕ್ಕೆ ಈ ಅವಧಿ ಏನೇನೂ ಸಾಲದು. ಎರಡು ಮೂರು ತಿಂಗಳ ಅವಧಿಯನ್ನು ಮೊದಲೇ ಬರೆಸಿಕೊಳ್ಳಬೇಕು. ಒಂದು ವರ್ಷವನ್ನು ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಅದನ್ನು ಅವಧಿ ಮುಗಿದಂತೆ ಹೊಸದಾಗಿ ಬರೆಸುವುದನ್ನು ಮರೆಯಬಾರದು.

ಅದೇ 1882ರ ಕಾಯಿದೆ ಉಭಯರಿಗೂ ಹೊಣೆ ಹೊರಿಸಿದೆ. ಮೇಲ್ನೋಟಕ್ಕೆ ಕಾಣದ, ವಾಸಕ್ಕೆ ಅಡ್ಡಿಯಾಗುವ ದೋಷ ತನಗೆ ತಿಳಿದಿದ್ದರೆ ಮಾಲೀಕನು ಹೇಳಬೇಕು. ಬಾಡಿಗೆದಾರನು ಬಳಕೆಯ ಸಹಜ ಸವೆತವನ್ನು ಬಿಟ್ಟು, ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಬಂದಾಗ ಹೇಗಿತ್ತೆಂಬುದಕ್ಕೆ ಸಾಕ್ಷಿ ಬೇಕಷ್ಟೆ. ಸಾಮಾನು ಇಳಿಸುವ ಮೊದಲೇ ಗೋಡೆಯ ತೇವ, ನಲ್ಲಿ, ಕಿಟಕಿ, ಬಾಗಿಲುಗಳ ಚಿತ್ರ ತೆಗೆದು, ವಿದ್ಯುತ್ ಮೀಟರಿನ ಅಂಕಿಯನ್ನು ಬರೆದು, ಒಂದು ಪ್ರತಿಯನ್ನು ಮಾಲೀಕರಿಗೂ ಕೊಟ್ಟರೆ ಮುಂದಿನ ವಾಗ್ವಾದಕ್ಕೆ ಎಡೆಯಿರದು.

ಭೋಗ್ಯದ ಮನೆಯಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಇಲ್ಲಿ ತಿಂಗಳ ಬಾಡಿಗೆಯಿಲ್ಲ. ಹಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು, ಅವಧಿ ಮುಗಿದಾಗ ಮರಳಿ ಪಡೆಯುವುದು ಪದ್ಧತಿ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಸಾಲ ತೀರದೆಹೋದರೆ ವಾಸಕ್ಕೂ ಹಣಕ್ಕೂ ಕುತ್ತು ಬರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಬೇಕು. ಪತ್ರಗಳನ್ನು ಒತ್ತೆಯಿಟ್ಟು ತಂದ ಸಾಲ ಅದರಲ್ಲಿ ಕಾಣದೆಯೂ ಇರಬಹುದಾದ್ದರಿಂದ ಮೂಲಪತ್ರಗಳನ್ನು ಕಣ್ಣಾರೆ ನೋಡಬೇಕು, ಕರಾರನ್ನು ನೋಂದಾಯಿಸಬೇಕು.

ಆತ್ಮರಕ್ಷಣೆಗೂ ಒಂದು ಗಡಿಯುಂಟು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ನಡೆಯುತ್ತಿದ್ದ ಕಾಲದಲ್ಲಿ, ನಿರಾಶ್ರಿತನಾಗಬಾರದೆಂದು ಕೊಟ್ಟ ರಕ್ಷಣೆಯನ್ನೇ ಹಿಡಿದು, ಸ್ವಂತ ವಾಸಕ್ಕೆ ಮನೆ ಬೇಕೆಂದ ಮಾಲೀಕರನ್ನು ವರ್ಷಾನುಗಟ್ಟಲೆ ನ್ಯಾಯಾಲಯಕ್ಕೆ ಅಲೆಸಿದ ಬಾಡಿಗೆದಾರರೂ ಇದ್ದರು. ಮುಂಗಡವು ಮಾಲೀಕನಲ್ಲಿರುವ ನ್ಯಾಸವಾದರೆ, ಮನೆಯು ಬಾಡಿಗೆದಾರನಲ್ಲಿರುವ ನ್ಯಾಸ. ಅವಧಿ ಮೀರಿ ಹಿಡಿದಿಟ್ಟುಕೊಂಡ ಬಾಗಿಲಿನ ಕೀಲಿಗೂ ಹಿಂದಿರುಗಿಸದ ಮುಂಗಡಕ್ಕೂ ಧರ್ಮದ ತಕ್ಕಡಿಯಲ್ಲಿ ತೂಕ ಒಂದೇ.

ಹೀಗೆ ನೋಡಿದರೆ ಬರಹ ಕೇಳುವುದು ಅವಮಾನವಾಗದು. ಮನುಷ್ಯನ ನೆನಪು ದುರ್ಬಲ, ಲೋಭ ಪ್ರಬಲ. ಇದು ಮಾಲೀಕನಿಗೂ ಸತ್ಯ, ಬಾಡಿಗೆದಾರನಿಗೂ ಸತ್ಯ. ಕೊಟ್ಟುಕೊಳ್ಳುವ ಹೊತ್ತಿನಲ್ಲಿ, ಇಬ್ಬರ ಮನಸ್ಸೂ ತಿಳಿಯಾಗಿರುವಾಗ ಬರೆದ ನಾಲ್ಕು ಸಾಲು, ಮುಂದೆಂದೋ ಅದು ಕದಡಿದಾಗ ಒಬ್ಬನ ಹಣವನ್ನೂ ಮತ್ತೊಬ್ಬನ ವ್ರತವನ್ನೂ ಉಳಿಸುತ್ತದೆ. ಆದುದರಿಂದ ರಸೀದಿಯನ್ನು ಸಂಕೋಚವಿಲ್ಲದೆ ಕೇಳಬೇಕು. ಕೇಳುವ ಮೊದಲೇ ಕೊಡುವುದು ಇನ್ನೂ ಶ್ರೇಯಸ್ಕರ.