ದಯೆಯ ಹೊಣೆ

ದಯೆಯೆಂಬ ಮಾತನ್ನು ನಾವು ನಿತ್ಯವೂ ಆಡುತ್ತೇವೆ. ಮಠದ ಅಂಗಳದಲ್ಲಿ, ಪ್ರಸಾದದ ಪಂಕ್ತಿಯಲ್ಲಿ, ಶರಣರ ಜಯಂತಿಯ ವೇದಿಕೆಯಲ್ಲಿ ಆ ಮಾತು ಕಿವಿಗೆ ಬೀಳದ ದಿನವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಧರ್ಮದ ಬುಡವನ್ನು ದಯೆಯಲ್ಲಿಯೇ ಕಂಡರೆಂಬುದನ್ನು ಬಾಲಕರೂ ಬಲ್ಲರು. ಆದರೆ ಕೊಟ್ಟಿಗೆಯ ಎಳೆಗರುವಿನ ಮೇಲೆ, ಅಂಗೈಯಲ್ಲಿ ಕಾಳು ಹೆಕ್ಕುವ ಗುಬ್ಬಿಯ ಮೇಲೆ ದಯೆ ತೋರುವುದು ಕಷ್ಟವಲ್ಲ. ನಮ್ಮ ಹಟ್ಟಿಯ ಕುರಿಮರಿಯನ್ನು ಇರುಳಿನಲ್ಲಿ ಎತ್ತಿಕೊಂಡು ಹೋಗುವ ನರಿಯ ವಿಷಯದಲ್ಲಿ ಆ ದಯೆಯ ಗತಿಯೇನು? ಅದರ ನಿಜವಾದ ಪರೀಕ್ಷೆ ಅಲ್ಲಿಯೇ ನಡೆಯತಕ್ಕದ್ದು.

ಯಶವಂತಪುರದಿಂದ ತುಮಕೂರಿಗೆ ಹೋಗುವ ರೈಲುದಾರಿಯಲ್ಲಿ ಚಿಕ್ಕಬಾಣಾವರವಿದೆ. ಹಾಸನದ ಕಡೆಗೆ ಹಳಿಯು ಕವಲೊಡೆಯುವುದೂ ಇಲ್ಲಿಯೇ. ಊರಿಗೊಂದು ಕೆರೆಯುಂಟು. ಇನ್ನೂ ಮುಂದೆ ಸಾಗಿದರೆ, ಬೆಂಗಳೂರಿನ ನೀರಿಗಾಗಿ 1894ರಲ್ಲಿ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆ ಮತ್ತು ಅದರ ಸಮೀಪದ ವಿಶಾಲವಾದ ಹುಲ್ಲುಗಾವಲು ಕಾಣುತ್ತವೆ. ಇಂದು ಈ ದಾರಿಯ ಇಕ್ಕೆಲಗಳಲ್ಲಿಯೂ ಮನೆಗಳು, ಬಡಾವಣೆಗಳು ಎದ್ದಿವೆ; ಆದರೂ ರಾಗಿಯ ಹೊಲ, ಕುರಿಯ ದೊಡ್ಡಿ, ಕೋಳಿಯ ಗೂಡು ಈ ಸೀಮೆಯಿಂದ ಪೂರ್ತಿಯಾಗಿ ಅಳಿದಿಲ್ಲ. ಹೊಲವೂ ಹುಲ್ಲೂ ಊರೂ ಒಂದನ್ನೊಂದು ಮುಟ್ಟುವ ಇಂಥ ಅಂಚೇ ಗುಳ್ಳೆನರಿಗೆ ಒಗ್ಗಿದ ನೆಲೆ. ಎಂಟು ಹತ್ತು ಕಿಲೋ ತೂಗುವ ಈ ಪ್ರಾಣಿಯು ಇಲಿ, ಏಡಿ, ಎಲಚಿಯ ಹಣ್ಣು, ಸತ್ತ ದನದ ಮಾಂಸ ಇವೆಲ್ಲವನ್ನೂ ತಿಂದು ಬದುಕುತ್ತದೆ. ಅವಕಾಶ ದೊರೆತರೆ ಕೋಳಿಯನ್ನೂ ಎಳೆಯ ಕುರಿಮರಿಯನ್ನೂ ಬಿಡುವುದಿಲ್ಲ.

ಇಂಥ ಸೀಮೆಯಲ್ಲಿ ಕುರಿ ಸಾಕುವ ಯುವಕನೊಬ್ಬನು, 'ಸ್ವಾಮಿ, ನರಿಯ ಕಾಟ ತೀರಿಸಲು ಒಂದು ಸಣ್ಣ ಬಂದೂಕು ಸಾಲದೇ? ಅಮೆರಿಕದಲ್ಲಿ ಹಾಗೆಯೇ ಮಾಡುತ್ತಾರಲ್ಲ!' ಎಂದು ಕೇಳಿದನೆಂದು ಭಾವಿಸೋಣ. ಈ ಪ್ರಶ್ನೆಯನ್ನು ಗದರಿ ತಳ್ಳುವುದು ಉಚಿತವಲ್ಲ. ವಿಚಾರಿಸಿ ನೋಡುವುದು ಉಚಿತ.

ಅವನು ಹೇಳುವುದು ಸುಳ್ಳಲ್ಲ. ಅಮೆರಿಕದಲ್ಲಿ ಕೊಯೋಟಿ ಎಂಬ ಪ್ರಾಣಿಯಿದೆ. ಅದು ನಮ್ಮ ನರಿಯ ಹತ್ತಿರದ ಬಂಧು. ಮೈಯಲ್ಲಿ ನರಿಗಿಂತ ತುಸು ದೊಡ್ಡದು. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅದನ್ನು ವರ್ಷವಿಡೀ ಬೇಟೆಯಾಡಬಹುದು. ಅದಕ್ಕೆ ಕೆಲವರು ಬಳಸುವ ಆಯುಧವೇ ಪಾಯಿಂಟ್ ಟೂ ಟೂ ರಿಮ್‌ಫೈರ್ ಬಂದೂಕು. ನಮ್ಮ ಎನ್.ಸಿ.ಸಿ. ವಿದ್ಯಾರ್ಥಿಗಳು ಗುರಿಯ ಅಭ್ಯಾಸಕ್ಕೆ ಹಿಡಿದಿರುವ ಬಂದೂಕೂ ಇದೇ ಅಳತೆಯದು. ತೋಟೆಯ ತಳದ ಅಂಚಿನಲ್ಲಿ ಸಿಡಿಯುವ ಮದ್ದನ್ನು ತುಂಬಿರುವುದರಿಂದ ಅದಕ್ಕೆ ಆ ಹೆಸರು. 1887ರಲ್ಲಿ ಬಳಕೆಗೆ ಬಂದ ಅದರ ಪ್ರಸಿದ್ಧ ಮಾದರಿಯಲ್ಲಿ ಸೀಸದ ಗುಂಡು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ತೋಟೆಯ ಬೆಲೆ ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತವಿಲ್ಲ. ಆದರೆ ಕೊಯೋಟಿಯ ಬೇಟೆಗೆಂದು ಸಾಮಾನ್ಯವಾಗಿ ಬಳಸುವ ದೊಡ್ಡ ತೋಟೆಗಳ ಮುಂದೆ ಇದರ ಬಲವು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಮೊಲ, ಅಳಿಲುಗಳ ಗಾತ್ರಕ್ಕೆ ಸಾಕಾಗುವ ಗುಂಡು ಇದು. ಹತ್ತು ಹದಿನೈದು ಕಿಲೋ ತೂಗುವ ಪ್ರಾಣಿಯ ಪಕ್ಕೆಗೆ ತಗುಲಿದರೆ ಅದು ಅಲ್ಲಿಯೇ ಬೀಳದೆ ಓಡುತ್ತದೆ. ಪೊದೆಯೊಳಗೆ ಸೇರಿ, ಗಾಯವು ಕೊಳೆತು, ದಿನಗಟ್ಟಲೆ ನರಳಿ ಸಾಯುವುದುಂಟು. ಗುಂಡು ಹೊಡೆದವನು ಅದನ್ನು ಕಾಣುವುದಿಲ್ಲ; 'ತಪ್ಪಿಹೋಯಿತು' ಎಂದುಕೊಂಡು ಮನೆಗೆ ಬಂದು ಉಂಡು ಮಲಗುತ್ತಾನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇಲ್ಲಿ ಮೊದಲನೆಯ ಆಕ್ಷೇಪ: 'ಗುಂಡು ಸಣ್ಣದಾದರೆ ಹಿಂಸೆಯೂ ಸಣ್ಣದಲ್ಲವೇ?' ಇದು ಕೇಳಲು ಇಂಪಾದರೂ ತಿರುವುಮುರುವಾದ ಲೆಕ್ಕ. ಆಯುಧದ ಸಣ್ಣತನವು ಹೊಡೆಯುವವನ ಅನುಭವಕ್ಕೆ ಸೇರಿದುದು: ಸದ್ದು ಸಣ್ಣದು, ಖರ್ಚು ಸಣ್ಣದು, ಮನಸ್ಸಿನ ಅಳುಕೂ ಸಣ್ಣದು. ಹೊಡೆತ ತಿಂದ ಜೀವಕ್ಕೆ ಮಾತ್ರ ಅದೇ ದೊಡ್ಡ ಶಿಕ್ಷೆ. ಒಂದು ಕ್ಷಣದಲ್ಲಿ ಮುಗಿಯಬಹುದಾಗಿದ್ದ ಸಾವು ಮೂರು ಹಗಲು ಮೂರು ಇರುಳಿಗೆ ಹಬ್ಬುತ್ತದೆ. ಬೇಟೆಗಾರನು ಉಳಿಸಿಕೊಂಡ ನಾಲ್ಕು ಕಾಸಿನ ಬೆಲೆಯನ್ನು ಆ ಮೂಕಪ್ರಾಣಿಯು ತನ್ನ ನೋವಿನಿಂದ ತೆರುತ್ತದೆ.

ಎರಡನೆಯ ಆಕ್ಷೇಪ: 'ಗುರಿಕಾರನು ಹತ್ತಿರದಿಂದ ತಲೆಗೇ ಹೊಡೆದರೆ ಈ ಗುಂಡೇ ಸಾಕು.' ಇದು ಸುಳ್ಳಲ್ಲ. ಪ್ರಾಣಿ ಅಲುಗದೆ ನಿಂತಿರಬೇಕು, ಗಾಳಿ ಬೀಸದಿರಬೇಕು, ಕೈ ನಡುಗದಿರಬೇಕು, ಆಗ ಸಾಕು. ಆದರೆ ಇರುಳಿನ ಮಬ್ಬಿನಲ್ಲಿ, ಕುರಿ ಕಳೆದುಕೊಂಡ ಸಿಟ್ಟಿನಲ್ಲಿ, ಐವತ್ತು ಗಜವೋ ನೂರು ಗಜವೋ ತಿಳಿಯದ ದೂರದಲ್ಲಿ ಇಷ್ಟೆಲ್ಲ ಕೂಡಿಬರುವುದು ಎಷ್ಟು ಸಲ? ತನ್ನ ಕುಶಲತೆಯ ಮೇಲಿನ ಅಭಿಮಾನದಿಂದ ಇನ್ನೊಂದು ಜೀವವನ್ನು ಪಣಕ್ಕಿಡುವವನು ಸೋತಾಗ, ಸೋಲಿನ ದಂಡವನ್ನು ಕೊಡುವವನು ತಾನಲ್ಲ. ಅಮೆರಿಕದ ಬಹುತೇಕ ರಾಜ್ಯಗಳು ಜಿಂಕೆಯನ್ನು ಈ ತೋಟೆಯಿಂದ ಹೊಡೆಯಕೂಡದೆಂದು ಕಟ್ಟುಮಾಡಿವೆ. ಕೊಯೋಟಿಯ ವಿಷಯದಲ್ಲಿ ಬಹುಮಟ್ಟಿಗೆ ಆ ತಡೆಯಿಲ್ಲ. ಜಿಂಕೆಗೊಂದು ನೋವು, ಕೊಯೋಟಿಗೊಂದು ನೋವು ಉಂಟೇ? ಭೇದವಿರುವುದು ನೋವಿನಲ್ಲಲ್ಲ, ನಮ್ಮ ಗೌರವದಲ್ಲಿ. ಒಂದನ್ನು ನಾವು ಮೆಚ್ಚುತ್ತೇವೆ, ಇನ್ನೊಂದನ್ನು ಕಳ್ಳನೆಂದು ಕರೆಯುತ್ತೇವೆ. ಹುಟ್ಟಿನಿಂದ ಮೇಲುಕೀಳುಗಳನ್ನು ಎಣಿಸಬಾರದೆಂದು ಶರಣರಿಂದ ಕಲಿತ ನಾವು, ನೋವಿನಲ್ಲಿಯೂ ಮೇಲುಕೀಳನ್ನು ಎಣಿಸಬಹುದೇ?

ಮೂರನೆಯ ಆಕ್ಷೇಪವೇ ಗಟ್ಟಿಯಾದುದು: 'ಬಡವನ ಕುರಿ ಹೋದರೆ ಅವನ ಮಕ್ಕಳ ಅನ್ನ ಹೋದಂತೆ. ದಯೆಯ ಉಪದೇಶದಿಂದ ಹೊಟ್ಟೆ ತುಂಬುತ್ತದೆಯೇ?' ಈ ಮಾತಿಗೆ ತಲೆಬಾಗಲೇಬೇಕು. ತುರುಗಾಹಿ ರಾಮಣ್ಣ ದನ ಕಾಯ್ದ ಶರಣ. ವೀರಗೊಲ್ಲಾಳ ಕುರಿ ಕಾಯ್ದ ಶರಣ. ಮಂದೆಯನ್ನು ಕಾಯುವುದು ಅವರಿಗೆ ಕಾಯಕವಾಗಿತ್ತು; ಕಾಯಕವನ್ನು ಕೆಡಿಸಿಕೊಳ್ಳಿರೆಂದು ಯಾವ ಧರ್ಮವೂ ಹೇಳದು. ಆದರೆ ಕಾಯುವುದು ಬೇರೆ, ಕೊಲ್ಲುವುದು ಬೇರೆ. ಇರುಳಿನಲ್ಲಿ ಮರಿಗಳನ್ನು ಬಲೆಯ ದೊಡ್ಡಿಯೊಳಗೆ ಕೂಡುವುದು, ಮುಳ್ಳುಬೇಲಿಯನ್ನು ಬಿಗಿಮಾಡುವುದು, ಒಳ್ಳೆಯ ನಾಯಿಯನ್ನು ಸಾಕುವುದು, ಸತ್ತ ಕೋಳಿಯನ್ನು ಬಯಲಿಗೆ ಎಸೆಯದೆ ಹೂಳುವುದು, ಇವೆಲ್ಲವೂ ಕಾಯುವ ಕೆಲಸಗಳು. ಇವಕ್ಕೆ ನಿದ್ದೆಗೇಡು ಉಂಟು, ಮೈದಣಿವು ಉಂಟು. ಆದರೆ ಆ ಶ್ರಮವನ್ನು ಒಡೆಯನು ತಾನೇ ಹೊರುತ್ತಾನೆ. ಬಂದೂಕಿನ ದಾರಿಯಲ್ಲಿ ಅದೇ ಶ್ರಮವು ನರಿಯ ಮೈಮೇಲೆ ಬೀಳುತ್ತದೆ.

ಕೊಂದು ಗೆದ್ದವರೂ ಇಲ್ಲ. ಅಮೆರಿಕದ ಸರ್ಕಾರದ ಇಲಾಖೆಯೊಂದೇ ಇತ್ತೀಚಿನ ಅನೇಕ ವರ್ಷಗಳಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಕೊಯೋಟಿಗಳನ್ನು ಕೊಂದಿದೆ. ನೂರು ವರ್ಷಗಳಿಂದ ಗುಂಡು, ಬೋನು, ವಿಷಗಳು ನಡೆದಿವೆ. ಆದರೂ ಕೊಯೋಟಿಯು ಅಳಿಯಲಿಲ್ಲ; ತೋಳಗಳನ್ನು ಅಳಿಸಿದ ಜಾಗಗಳನ್ನೆಲ್ಲ ತುಂಬಿಕೊಂಡು ಆ ಖಂಡದ ಬಹುಭಾಗಕ್ಕೆ ಹಬ್ಬಿತು. ನಮ್ಮ ಹೊಲಗಳಲ್ಲಿಯೂ ನರಿ ಹೋದರೆ ಇಲಿಯನ್ನು ತಿನ್ನುವ ಬಾಯೊಂದು ಕಡಮೆಯಾಗುತ್ತದೆಂಬುದನ್ನು ರಾಗಿ ಬೆಳೆಯುವವನು ಮರೆಯಬಾರದು.

ನಮ್ಮ ದೇಶದಲ್ಲಂತೂ ಈ ಪ್ರಶ್ನೆಗೆ ಶಾಸನವು ಉತ್ತರ ಹೇಳಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಗುಳ್ಳೆನರಿಯು ಹುಲಿ, ಆನೆಗಳೊಡನೆ ಒಂದನೆಯ ಅನುಸೂಚಿಗೆ ಸೇರಿದೆ. ಆ ಬಂದೂಕಿಗೂ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ಆದರೆ ಕಾನೂನಿಗೆ ಅಂಜಿ ಬಿಟ್ಟ ಹಿಂಸೆ ಅರ್ಧ ಬಿಟ್ಟ ಹಿಂಸೆ. ಬಂದೂಕು ಇಲ್ಲದಿದ್ದರೇನು? ಉರುಳು ಅಗ್ಗ, ವಿಷ ಅಗ್ಗ, ಹಂದಿಗೆಂದು ಹಿಟ್ಟಿನಲ್ಲಿ ಅಡಗಿಸಿಡುವ ಸಿಡಿಮದ್ದು ಅಗ್ಗ. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಇಂಥ ಮದ್ದಿಗೆ ಬಾಯಿ ಒಡೆದುಕೊಂಡು, ಹೊಳೆಯ ನೀರಿನಲ್ಲಿ ನಿಂತು ಪ್ರಾಣ ಬಿಟ್ಟುದನ್ನು ನಾಡೆಲ್ಲ ಕಂಡು ಮರುಗಿತು. ಆನೆಗಾಗಿ ಮರುಗಿದ ನಾವು, ಅದೇ ಮದ್ದಿಗೆ ದವಡೆ ಸೀಳಿಕೊಂಡ ನರಿಯನ್ನೂ ದನವನ್ನೂ ನೆನೆಯುವುದಿಲ್ಲ. ಇವೆಲ್ಲವೂ ಆ ಸಣ್ಣ ಗುಂಡಿನ ಒಡಹುಟ್ಟುಗಳೇ. ಇಟ್ಟವನಿಗೆ ಸುಲಭ, ಸಿಕ್ಕ ಜೀವಕ್ಕೆ ದೀರ್ಘವಾದ ಮರಣ.

ಇಷ್ಟು ಕೇಳಿದ ಬಳಿಕ ಆ ಯುವಕನು, 'ಬೇಡರ ಕಣ್ಣಪ್ಪನೂ ಬೇಟೆಗಾರನಲ್ಲವೇ? ಅವನನ್ನು ಅರುವತ್ತಮೂವರು ಪುರಾತನರಲ್ಲಿ ಎಣಿಸಿ ಕೈಮುಗಿಯುತ್ತೀರಲ್ಲ' ಎನ್ನಬಹುದು. ನಿಜ. ಆದರೆ ಕಣ್ಣಪ್ಪನು ಪೂಜ್ಯನಾದುದು ಬಿಲ್ಲಿನಿಂದಲ್ಲ. ಲಿಂಗದ ಕಣ್ಣಿನಲ್ಲಿ ನೆತ್ತರು ಕಂಡಾಗ ಅವನು ಇನ್ನೊಂದು ಜೀವದ ಕಣ್ಣನ್ನು ಹುಡುಕಿಕೊಂಡು ಹೋಗಲಿಲ್ಲ; ತನ್ನ ಕಣ್ಣನ್ನೇ ಕಿತ್ತು ಇಟ್ಟನು. ಅಲ್ಲಿಯವರೆಗೆ ಪರರ ಮೈಯಿಂದ ತೆರುತ್ತಿದ್ದವನು ಆ ಕ್ಷಣದಲ್ಲಿ ತನ್ನ ಮೈಯಿಂದ ತೆತ್ತನು. ಬೇಡನು ಶರಣನಾದುದು ಆ ಒಂದು ತಿರುವಿನಲ್ಲಿಯೇ.

ಆದುದರಿಂದ ದಯೆಯ ಅಳತೆ ಕಣ್ಣೀರಿನಲ್ಲಿಲ್ಲ, ಕನಿಕರದ ಮಾತಿನಲ್ಲಿಯೂ ಇಲ್ಲ. ಒಂದು ಕಷ್ಟ ಒದಗಿದಾಗ ಅದರ ಹೊರೆಯನ್ನು ಯಾರ ಹೆಗಲಿಗೆ ಹೊರಿಸಿದೆವೆಂಬುದರಲ್ಲಿ ಅದು ಇದೆ. ಕೈಯಲ್ಲಿ ಸುಲಭವಾದ ಉಪಾಯವೊಂದು ಬಂದಾಗಲೆಲ್ಲ, 'ಈ ಸುಲಭತೆಯ ಬೆಲೆಯನ್ನು ಯಾರು ಕೊಡುತ್ತಾರೆ?' ಎಂದು ಸಾಧಕನು ತನ್ನನ್ನು ತಾನೇ ಕೇಳಿಕೊಳ್ಳಲಿ. ಬಾಯಿ ಬಾರದ ಜೀವ ಕೊಡುತ್ತದೆಂಬ ಉತ್ತರ ಬಂದರೆ ಆ ಉಪಾಯವನ್ನು ಕೆಳಗಿಡಲಿ.

ನರಿಯ ಕೂಗು ಗಿರಿಗೆ ಮುಟ್ಟೀತೇ ಎಂದು ಹಿರಿಯರು ಗಾದೆ ಕಟ್ಟಿದರು. ಗಿರಿಗೆ ಮುಟ್ಟದಿದ್ದರೆ ಚಿಂತೆಯಿಲ್ಲ. ಇರುಳಿನಲ್ಲಿ ಹಟ್ಟಿಯ ಬಾಗಿಲು ಹಾಕಿ ಮಲಗುವ ಮನುಷ್ಯನ ಹೃದಯಕ್ಕಾದರೂ ಅದು ಮುಟ್ಟಲಿ. ಶರಣು.